ಸಂಜೆ ಆರೂವರೆಯ ಏರು

...ಅಲ್ಲ ಕಣೇ, ಆ ಗ್ರಾಫಿನ ಗೆರೆ ನಂದಲ್ಲ! ಬೇರೆ ಯಾರದ್ದೋ ಉಗುಳು ನನ್ನ ಹೆಸರಲ್ಲಿ ಬಂದಿರಬೇಕು. ಯಾಕೆ ನಗ್ತೀಯ? ನಿಮ್ಮ ಲ್ಯಾಬಲ್ಲಿ ಟ್ಯೂಬ್ ಅದಲುಬದಲು ಆಗೋದೇ ಇಲ್ವಾ? ...ಆಯ್ತು, ಆಯ್ತು. ನೀನೇ ಚೀಟಿ ಅಂಟಿಸಿದ್ದು, ಒಪ್ಪಿದೆ. ನಿಮ್ಮ ಮೇಡಂ ಸಂಶೋಧನೆಗೆ ಅಂತ ತುಟಿಪಿಟಕ್ ಅನ್ನದೆ ದಿನಕ್ಕೆ ಐದು ಸಲ ಉಗುಳಿದೀನಿ. ಹೆಂಡತಿ ಲ್ಯಾಬಲ್ಲಿದ್ರೆ ಗಂಡನಿಗೆ ತನ್ನ ಉಗುಳು ತಾನು ನುಂಗೋ ಸ್ವಾತಂತ್ರ್ಯನೂ ಇಲ್ಲ!

ಏನು, ನನಗೆ ಅರ್ಥ ಆಗಿಲ್ವಾ? ಪಾಠ ಒಪ್ಪಿಸ್ತೀನಿ, ಕೇಳು. ಗಾಬರಿ ಆದ್ರೆ ಮೆದುಳು ಒಂದು ಹಾರ್ಮೋನ್ ಬಿಡತ್ತೆ. ಅದು ಮೆದುಳಿನ ಬುಡದಲ್ಲಿರೋ ಬಟಾಣಿಯಷ್ಟು ಗ್ರಂಥಿನ ತಿವಿಯತ್ತೆ. ಬಟಾಣಿ ಇನ್ನೊಂದು ಹಾರ್ಮೋನ್ ಕಳಿಸತ್ತೆ, ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಗ್ರಂಥಿಗೆ. ಟೋಪಿ ಕಾರ್ಟಿಸಾಲ್ ಸುರಿಯತ್ತೆ, ನೀವು ಉಗುಳಲ್ಲಿ ಅಳೆಯೋದು ಅದನ್ನೇ. ಜಾಸ್ತಿ ಆಯ್ತೋ, ಅದೇ ಕಾರ್ಟಿಸಾಲ್ ಮೆದುಳಿಗೆ ಹೋಗಿ "ಸಾಕು, ನಿಲ್ಸಪ್ಪ" ಅನ್ನತ್ತೆ. ಸರೀನಾ? ನಮ್ಮ ಡ್ರೈವಿಂಗ್ ಸ್ಕೂಲ್ ಕಾರಿನ ಥರಾನೇ! ಕಲಿಯೋರು ಆಕ್ಸಿಲರೇಟರ್ ತುಳೀತಾರೆ, ಪಕ್ಕದಲ್ಲಿ ಕೂತ ಮೇಷ್ಟ್ರು, ಅಂದ್ರೆ ನಾನು, ಬ್ರೇಕ್ ಒತ್ತೋದು. ...ಒತ್ತೋದು ಸ್ವಲ್ಪ ಜಾಸ್ತಿ, ನಿಜ. ನನ್ನ ಹತ್ರ ಕಲಿತವರಿಗೆ ಬ್ರೇಕ್ ಎಲ್ಲಿದೆ ಅಂತಾನೇ ಗೊತ್ತಿರಲ್ಲ ಅಂತ ಓನರ್ ಕೂಗಾಡಿದ... ಅಂದ್ರೆ, ತಮಾಷೆಗೆ. ಯಾವಾಗಲೋ.

ನೋಡು, ಬೆಳಿಗ್ಗೆ ಹತ್ತಕ್ಕೆ ಎಷ್ಟು ತಣ್ಣಗಿದೀನಿ! ಮಧ್ಯಾಹ್ನ ಒಂದಕ್ಕೂ! ನಾಲ್ಕಕ್ಕಂತೂ ತೊಟ್ಟಿಲ ಮಗು! ಬಸ್ಸಿಗೆ ಗುದ್ದೋಕೆ ಹೊರಟವರು ಪಕ್ಕದಲ್ಲಿದ್ರೂ ನನ್ನ ಕಾರ್ಟಿಸಾಲ್ ಅಲ್ಲಾಡಲ್ಲ. ಗಂಡೆದೆ ಕಣೇ, ಗಂಡೆದೆ!

ಏನು? ಹೋದ ತಿಂಗಳ ಹಾಳೆಯಲ್ಲಿ ಇದೇ ಹೊತ್ತಿಗೆ ಗುಡ್ಡದಷ್ಟಿತ್ತಾ? ...ಆಗ ಟ್ರಾಫಿಕ್ ಜಾಸ್ತಿ. ಈಗ... ಅಭ್ಯಾಸ ಆಗಿದೆ.

ಸಂಜೆ ಆರೂವರೆದಾ? ಹೌದು, ಇಳೀಬೇಕಾದ ಹೊತ್ತಲ್ಲಿ ಏರಿದೆ. ನಾನು ಮನೆಗೆ ಬರೋ ಹೊತ್ತು, ಅದೂ ಗೊತ್ತು. ನಿನ್ನಿಂದ ಅಂತ ಅಂದ್ಕೋಬೇಡ! ಅದು... ಮೆಟ್ಟಿಲು. ಮೂರು ಮಹಡಿ ಹತ್ತಬೇಕಲ್ಲ. ...ಲಿಫ್ಟ್ ಇದೆ. ಹೌದು, ಲಿಫ್ಟ್ ಇದೆ.

ಹಾಳೆ ಯಾಕೆ ಮಡಚಿಟ್ಟೆ? ಬೈಯೇ! ...ಹಾಗೆ ನೋಡ್ಬೇಡ ಕಣೇ.

...ಓನರ್ ನನ್ನ ತೆಗೆದುಹಾಕಿ ಇಪ್ಪತ್ತೊಂದು ದಿನ ಆಯ್ತು. ಹಗಲೆಲ್ಲ ಲೈಬ್ರರಿ ಫ್ಯಾನ್ ಕೆಳಗೆ ಕೂತಿರ್ತೀನಿ. ಅಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ. ಸಂಜೆ ಬಂದ್ರೆ ನೀನು ಬಾಗಿಲು ತೆಗೆದು, ಅಷ್ಟು ಚೆನ್ನಾಗಿ ನಕ್ಕು ಕೇಳ್ತೀಯಲ್ಲ, "ಇವತ್ತು ಯಾರಿಗೆ ಕಲಿಸಿದ್ರಿ?" ಅಂತ...

ಅಲ್ಲೇ ಕಣೇ ಅದು ಏರೋದು.