ನಂಜಪ್ಪನ್ ಬಿಟ್ಟುಕೊಟ್ಟ ಕುರ್ಚಿ

ಆರ್.ಎಸ್. ಪುರಂ ಸ್ಟಾಪಿನಲ್ಲಿ ನೆಗಮಂನ ನೇಕಾರರಿಬ್ಬರು ಸೀರೆಯ ಗಂಟನ್ನು ನಡುವೆ ಇಟ್ಟುಕೊಂಡು ಚೇರನ್ ಸರ್ಕಾರಿ ಬಸ್ಸಿಗೆ ಕಾಯುತ್ತಿದ್ದರು. ಹಿರಿಯರು ಮೇಲುಬೀದಿಯ ನಂಜಪ್ಪನ್, ಕಿರಿಯ ಕೆಳಬೀದಿಯ ದಂಡಪಾಣಿ. ಸುತ್ತಲಿನ ತಮಿಳಿನ ನಡುವೆ ಅವರ ಮಾತು ಕನ್ನಡದಲ್ಲಿದ್ದುದರಿಂದ ನನ್ನ ಕಿವಿ ಅತ್ತ ಹೋಯಿತು.

“ರೇಡಿಯೋ ಕೇಳಿದ್ರಾ ಮಾವ? ಮದ್ರಾಸ್ ಅಸೆಂಬ್ಲೀಲಿ ಪೋಟಿನೇ ಇಲ್ದೆ, ಎದುರಿಗೆ ಯಾರೂ ನಿಲ್ದೆ ಸ್ಪೀಕರ್ ಆರ್ಸವ್ರಂತೆ.”

“ಎದುರು ಪಾರ್ಟಿಯೋರು ಸುಮ್ನಿದ್ರಾ?”

“ಎರಡು ಕಡೆ ಲೀಡರ್‌ಗಳು, ತಲೈವರೂ ಸೇರಿ ಕರ್ಕೊಂಡ್ಹೋಗಿ ಕುರ್ಚೀಲಿ ಕೂರ್ಸಿದ್ರಂತೆ.”

“ನಮ್ಮ ನೇಕಾರ್ರ ಸಂಘಕ್ಕೂ ಭಾನುವಾರದ ಎಲೆಕ್ಷನ್ನಲ್ಲಿ ಹಂಗೇ ಮಾಡಿದ್ರೆ ಎರಡು ಬೀದಿಗೂ ನೆಮ್ಮದಿ.”

“ಅದಕ್ಕೇ ಮಾವ, ಸಂಘದ ತಲೈವರಾಗಿ ನೀವೇ ಕೂತ್ಕೊಳ್ಳಿ. ನಮ್ಮ ಬೀದಿಯೋರೂ ಸರಿ ಅಂದವ್ರೆ.”

“ನಾನಾ!” ನಂಜಪ್ಪನ್ ಮೀಸೆ ನೀವಿಕೊಂಡರು.

“ನಾನೇ ಕೈ ಹಿಡ್ದು ಕೂರಿಸ್ತೀನಿ. ಆದ್ರೆ ಕೂತ ಮೇಲೆ ಯಾವ ಬೀದಿ ಪರವಾಗೂ ಮಾತಾಡ್ಬಾರ್ದು, ಆ ಸ್ಪೀಕರ್ ಹಂಗೆ.”

“ಅಂದ್ರೆ ನಿನ್ ಜೊತೆ ಜಗಳಾನೂ ಆಡಂಗಿಲ್ವಾ?”

“ಆಡಂಗಿಲ್ಲ ಮಾವ.”

ಬಸ್ಸು ಬಂತು. ಇಬ್ಬರೂ ಗಂಟಿನ ಒಂದೊಂದು ತುದಿ ಹಿಡಿದು ಹತ್ತಿದರು. ಒಳಗಿನಿಂದ ಹಿರಿಯರ ದನಿ ಕೇಳಿಸಿತು.

“ಬೇಡಪ್ಪಾ. ಬಾಯೇ ಬಿಡದ ನಮ್ಮ ಅಯ್ಯಾಸಾಮೀನ ಕೂರ್ಸಾಣ. ಅವನ ಒಂದು ಕೈ ನೀನು ಹಿಡಿ, ಇನ್ನೊಂದು ನಾನು ಹಿಡೀತೀನಿ. ನಮ್ ಜಗಳ ನಮಗಿರ್ಲಿ.”