ಇನ್ನೊಂದು ಕೊನೆಯ ಹಾಡು

ಬಂದೆ, ಬಂದೆ, ಬಂದೆ! ಎಷ್ಟು ಉಳಿದಿದೆ? ಬೆರಳಲ್ಲಿ ತೋರಿಸು... ನಾಲ್ಕು? ನಾಲ್ಕು ನಿಮಿಷವಾ, ನಲವತ್ತು ಸೆಕೆಂಡಾ? ಅಯ್ಯೋ ದೇವರೇ! ಹೆಡ್‌ಫೋನು ಕೊಡು, ಬೇಗ... ಆ ರೆಕಾರ್ಡಲ್ಲ ಕಣೇ, ನೀಲಿ ಕವರಿಂದು... ಹ್ಞಾಂ. ಭಗವಂತಾ, ಕೈಬಿಡಬೇಡಪ್ಪಾ... ಒಂದು, ಎರಡು, ಮೂರು... ಸೇರ್ಕೊಂಡ್ತು! ಒಂದರ ಬಾಲಕ್ಕೆ ಇನ್ನೊಂದರ ಮೂತಿ. ಯಾರಿಗಾದ್ರೂ ಗೊತ್ತಾಯ್ತಾ ನೋಡು. ಒಬ್ಬರೂ ತಲೆ ಎತ್ತಿಲ್ಲ. ಎಲ್ಲರೂ ಹಾಗೇ ಗಾಲಿ ಮೇಲೆ ಸುತ್ತು ಹೊಡೀತಿದ್ದಾರೆ.

ಯಾಕೆ ನಗ್ತೀಯ? ನಗು, ನಗು. ಐವತ್ತೆಂಟು ವರ್ಷದ ಗಂಡಸು ಪ್ಯಾಂಟು ಹಿಡ್ಕೊಂಡು ಸ್ಕೇಟಿಂಗ್ ಅಂಗಳದ ಅಂಚಲ್ಲಿ ಓಡೋದು ನೋಡಿದ್ರೆ ಯಾರಿಗಾದ್ರೂ ನಗು ಬರುತ್ತೆ. ಆದ್ರೆ ಭುಜ ಮಾತ್ರ ಕುಲುಕಲಿ, ಸದ್ದು ಬರಬಾರದು! ಆಪರೇಷನ್ ಆದ ಗಂಟಲು. ಮಾತಿಲ್ಲ, ಪಿಸುಮಾತಿಲ್ಲ, ಇಪ್ಪತ್ತೊಂದು ದಿನ. ಇವತ್ತು ಸಂಜೆ ಆರಕ್ಕೆ ಮುಗಿಯುತ್ತೆ. ಇಷ್ಟು ದಿನ ತಡೆದವಳು ಇನ್ನೊಂದು ಗಂಟೆ ತಡಿ. ಆಮೇಲೆ ನಿನ್ನ ಬಾಯುಂಟು, ನನ್ನ ಕಿವಿಯುಂಟು.

ನಾನು ಹಾಕಿ ಹೋದ ಆ ಹಾಡು ಎಷ್ಟುದ್ದ ಗೊತ್ತಾ? ಒಂಬತ್ತು ನಿಮಿಷ ಹನ್ನೆರಡು ಸೆಕೆಂಡು. ಬಚ್ಚಲಲ್ಲಿ ಹಾಡೋ ಹಾಡು ಎಲ್ಲರ ಹತ್ರಾನೂ ಇರುತ್ತೆ. ಬಚ್ಚಲಿಗೆ ಹೋಗೋ ಹಾಡು ನಮ್ಮಂಥ ಡಿಜೆಗಳ ಹತ್ರ ಮಾತ್ರ! ಬೆಳಿಗ್ಗೆ ಆರರಿಂದ ಇದು ಮೂರನೇ ಸಲ. ಆ ಎರಡು ಜಡೆ ಹುಡುಗಿ, ನಿನ್ನ ಕ್ಲಾಸಿನವಳೇ ಅಲ್ವಾ, ಬಂದು ಕೇಳಿದ್ಲು: "ಅಂಕಲ್, ಈ ಹಾಡು ಅಂದ್ರೆ ನಿಮಗೆ ತುಂಬಾ ಇಷ್ಟಾನಾ?" ನಾನಂದೆ, "ಹೂಂ ಕಣಮ್ಮ, ಈ ಹಾಡು ಹಾಕಿದ್ರೆ ತುಂಬಾ ಹಗುರ ಆಗುತ್ತೆ." ಸುಳ್ಳು ಹೇಳಿಲ್ಲ ತಾನೇ? ಏಯ್, ಹೊಡೀಬೇಡ! ಮೇಜು ಅಲ್ಲಾಡಿದ್ರೆ ಮುಳ್ಳು ಹಾರುತ್ತೆ ಮಾರಾಯ್ತಿ.

ಏನದು ಸ್ಲೇಟು? ತಾಳು, ಕನ್ನಡಕ ಹಣೆ ಮೇಲಿದೆ. "ಕುಳಿತುಕೊಳ್ಳಿ." ನೋಡಿದ್ಯಾ, ಪೂರ್ಣವಿರಾಮ ಬೇರೆ ಇಟ್ಟಿದ್ದಾಳೆ! ಗಂಡನಿಗೆ ಗದರೋವಾಗಲೂ ವ್ಯಾಕರಣ ತಪ್ಪಬಾರದು ನಮ್ಮ ಟೀಚರಮ್ಮಂಗೆ. ಈ ರಿಂಕಿನ ಮಾಲೀಕರು ಪಾಪ ಎಷ್ಟು ಆಸೆಯಿಂದ ಪೋಸ್ಟರ್ ಬರೆಸಿದ್ರು. "ಮೂವತ್ತನೇ ವಾರ್ಷಿಕೋತ್ಸವ: ಹನ್ನೆರಡು ಗಂಟೆ ಬಿಡುವಿಲ್ಲದ ಆಡು." ಬರೆದವನು ಹಕಾರ ನುಂಗಿಬಿಟ್ಟಿದ್ದ. ನಾನು ಒಂದು ವಾರ ದಿನಾ ಅದರ ಮುಂದೇನೇ ಓಡಾಡಿದೆ, ಕಣ್ಣಿಗೇ ಬೀಳ್ಲಿಲ್ಲ. ನೀನು ಬಂದವಳೇ ಕೆಂಪು ಪೆನ್ನು ತೆಗೆದೆ! ಬಾಗಿಲಲ್ಲಿ, ಟಿಕೆಟ್ ಕಿಟಕಿಯಲ್ಲಿ, ಗೋಡೆ ಮೇಲೆ, ಹದಿನೆಂಟು ಪೋಸ್ಟರಿಗೂ ತಿದ್ದುಪಡಿ. ಮಾಲೀಕರು ನನ್ನ ಕಿವಿಯಲ್ಲಿ ಕೇಳಿದ್ರು, "ನಿಮ್ಮನೆಯವರಿಗೆ ಮಾತು ನಿಂತಿದೆ ಅಂದ್ರಲ್ಲ?" "ಮಾತು ನಿಂತಿದೆ ಸಾರ್, ಪಾಠ ನಿಂತಿಲ್ಲ" ಅಂದೆ. ಇನ್ನೂ ಇಬ್ಬರು ಫೋನ್ ಮಾಡಿ ಕೇಳಿದ್ರಂತೆ, ಆಡನ್ನ ಎಷ್ಟು ಹೊತ್ತಿಗೆ ಬಿಡ್ತೀರಿ ಅಂತ!

ಕೂರಲ್ಲ. ಸ್ಟೂಲು ಆಚೆ ತಳ್ಳು. ಡಿಜೆ ಕೂತ್ರೆ ಜನ ಕೂರ್ತಾರೆ... ಕಾಲು ಊದಿದ್ರೆ ಊದಲಿ ಬಿಡು. ಎರಡು ಜೊತೆ ಸಾಕ್ಸ್ ಹಾಕಿದೀನಿ. ಮೂರು ವಾರ ಅಡುಗೆಮನೇಲಿ ನಿಂತು ಅಭ್ಯಾಸ ಮಾಡ್ಲಿಲ್ವಾ? ನೀನು ತರಕಾರಿ ಹೆಚ್ಚೋದು, ನಾನು ಪಕ್ಕದಲ್ಲಿ ಕಂಬದ ಥರ ನಿಲ್ಲೋದು. ರೆಕಾರ್ಡೆಲ್ಲ ಹಾಸಿಗೆ ಮೇಲೆ ಗಂಟೆಗೊಂದು ಸಾಲು ಜೋಡಿಸಿ, ನೀನು ಅಂಚಲ್ಲಿ ಪೆನ್ಸಿಲ್ ಥರ ಮಲಗಿದ್ದು... ಗೊತ್ತು, ಗೊತ್ತು, ಬೆನ್ನು ತೋರಿಸಬೇಡ. ಕ್ಷಮೆ ಕೇಳಿದೀನಲ್ಲ. ಇನ್ನು ನೀರಿನ ವಿಷಯ. ಕುಡಿದ್ರೆ ಬಚ್ಚಲು, ಕುಡೀದಿದ್ರೆ ತಲೆಸುತ್ತು. ಅತ್ತ ದರಿ, ಇತ್ತ ಪುಲಿ. ಅರ್ಧ ಗಂಟೆಗೆ ಎರಡು ಗುಟುಕು ಅಂತ ನೀನು ಬಾಟ್ಲಿ ಮೇಲೆ ಗೆರೆ ಎಳೆದು ಕೊಟ್ಟಿದ್ದು ಒಳ್ಳೇದಾಯ್ತು. ಇರು, ಎರಡು ಗುಟುಕು... ಹ್ಞಾಂ. ಮುಂದಿನ ರೆಕಾರ್ಡು ಕೊಡು.

ಹಾಗೆ ಓರೆಗಣ್ಣಲ್ಲಿ ನೋಡಬೇಡ. ಸ್ಲೇಟಲ್ಲಿ ಏನು... "ಹರಕೆಯೇ?" ಛೆ! ಇಪ್ಪತ್ತೊಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದ್ರೆ ಇದೇ ತೊಂದರೆ. ಹೂಂ, ಹರಕೆನೇ. ಏನೀಗ? ಹನ್ನೆರಡು ಗಂಟೆ ಕೂರದೆ ಹಾಡು ಹಾಕ್ತೀನಿ ಅಂತ ದೇವರಿಗೆ ಮಾತು ಕೊಟ್ಟಿದೀನಿ. ನಡೆದು ಬಾ ಅಂದಿದ್ರೆ ನಡೀತಿದ್ದೆ. ಆದ್ರೆ ನನಗೆ ಬರೋದು ಇದೊಂದೇ ಕೆಲಸ. ಬಡಗಿ ಗುಡಿಗೆ ಬಾಗಿಲು ಮಾಡಿಕೊಡ್ತಾನೆ, ನಾನು ಹಾಡು ಹಾಕ್ತೀನಿ. ಅವನೇನು ಬೇಡ ಅಂತಾನಾ? ಮೇಲಿಂದ ನೋಡ್ತಾ ಅವನೂ ಕಾಲು ಕುಣಿಸ್ತಿರಬಹುದು, ಯಾರಿಗೆ ಗೊತ್ತು!

ಯಾತಕ್ಕೆ ಹರಕೆ ಅಂತೀಯಾ? ಅದು... ನನ್ನ ಮಂಡಿನೋವಿಗೆ. ಏನು ನಗು ಇದು! ಮಂಡಿನೋವು ಹೋಗಲಿ ಅಂತ ಹನ್ನೆರಡು ಗಂಟೆ ನಿಲ್ಲೋನು ಜಗತ್ತಲ್ಲಿ ನಾನೊಬ್ಬನೇ ಇರಬಹುದು, ಆಗಲಿ. ಹರಕೆ ಬಿಡಿಸಿ ಹೇಳಬಾರದು ಕಣೇ. ಹೇಳಿದ್ರೆ ಫಲಿಸಲ್ಲ.

ಆದ್ರೂ ಒಂದು ಹೇಳ್ತೀನಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಈ ಮೂರು ವಾರದಲ್ಲಿ ನಮ್ಮನೆ ಬಂಗಾರದಂಗಡಿ ಆಗಿಬಿಟ್ಟಿದೆ. ಸಾಕಾಯ್ತು. ನನಗೆ ಬೆಳ್ಳೀನೇ ಇರಲಿ. ನೀನು "ರೀ" ಅಂದ್ರೆ ಸಾಕಿತ್ತು, ಅದರ ಉದ್ದದಲ್ಲೇ ನನ್ನ ತಪ್ಪು ಏನು ಅಂತ ಗೊತ್ತಾಗ್ತಿತ್ತು. ಗಿಡ್ಡ ರೀ ಅಂದ್ರೆ ಗ್ಯಾಸ್ ಆರಿಸಿಲ್ಲ. ಉದ್ದ ರೀ ಅಂದ್ರೆ ಒದ್ದೆ ಟವಲು ಹಾಸಿಗೆ ಮೇಲೆ. ಎಳೆದೆಳೆದು ರೀ... ಅಂದ್ರೆ ನಿಮ್ಮಕ್ಕ ಊಟಕ್ಕೆ ಬರ್ತಿದ್ದಾಳೆ! ಈಗ ನೋಡು, ಟವಲು ತಾನೇ ಒಣಗ್ತಿದೆ, ಕೇಳೋರಿಲ್ಲ. ಮೊನ್ನೆ ನೀನು ಮಲಗಿದ್ದಾಗ ಬೇಕಂತಲೇ ಒದ್ದೆ ಟವಲು ಹಾಕಿದ್ದೆ... ಯಾಕೋ. ಸುಮ್ನೆ.

ಅಯ್ಯೋ, ಮಾತಲ್ಲಿ ಮರೆತೆ, ಮುಳ್ಳು ಕೊನೆಗೆ ಬಂತು! ಕೊಡು ಕೊಡು... ಬೀಟಿಗೆ ಬೀಟು ಸೇರಬೇಕು... ಹ್ಞಾಂ. ದೇವರು ದೊಡ್ಡವನು.

ಏನು, ಆರಾಯ್ತಾ? ಚಪ್ಪಾಳೆ ನನಗೇನಾ? ನೋಡೇ, ನಿನ್ನ ಕ್ಲಾಸಿನ ಮಕ್ಕಳೆಲ್ಲ ಕಟಕಟೆ ಹತ್ರ ನಿಂತು ಕುಣೀತಿದ್ದಾರೆ! ಕೈ ಎತ್ತು, ನಿನಗೂ ಸೇರಿ ಹೊಡೀತಿದ್ದಾರೆ. ಅಬ್ಬಾ... ಮುಗೀತು ಹನ್ನೆರಡು ಗಂಟೆ. ಕೊಟ್ಟ ಮಾತು ಉಳೀತು. ಬನ್ನಿ ಸಾರ್, ಬನ್ನಿ... ತುಂಬಾ ಸಂತೋಷ ಸಾರ್... ಎಲ್ಲ ಅವನ ದಯೆ...

ಏನಂದ್ರು ಮಾಲೀಕರು ನಿನ್ನ ಹತ್ರ? ಸ್ಲೇಟು ತೋರಿಸು... "ಈ ದಿನವೇ ಆಗಬೇಕು, ಆರಕ್ಕೇ ಮುಗೀಬೇಕು ಅಂತ ನಿಮ್ಮ ಯಜಮಾನರದ್ದೇ ಹಠ" ಅಂದ್ರಾ? ಆ ಮನುಷ್ಯನಿಗೂ ಬಾಯಲ್ಲಿ ಗುಟ್ಟು ನಿಲ್ಲಲ್ಲ... ಹೌದು, ಅವರು ಕೇಳಿದ್ರು ಅಂತ ನಿನಗೆ ಹೇಳಿದ್ದೆ. ನಾನೇ ಕೇಳ್ಕೊಂಡಿದ್ದು. ಏನೋ, ಎರಡೂ ಒಂದೇ ದಿನ ಮುಗೀಲಿ ಅಂತ. ನಿನ್ನದೂ ನನ್ನದೂ.

ತಡಿ, ಇನ್ನೊಂದು ಹಾಕ್ತೀನಿ. ಜನ ಇದ್ದಾರಲ್ಲ. ಇದು ಕೊನೇದು. ಚೆಂದ ಇದೆ ಅಲ್ವಾ? ನಿನಗೆ ಮೊದಲಿಂದ್ಲೂ ಇಷ್ಟ ಇದು.

ಇದೊಂದು. ಗಡಿಯಾರ ಯಾಕೆ ತೋರಿಸ್ತೀಯ, ಅದು ಐದು ನಿಮಿಷ ಮುಂದಿದೆ. ಇಪ್ಪತ್ತು ನಿಮಿಷವಾ? ಇರಬಹುದು. ಹಳೇ ಗಡಿಯಾರ.

ಹಾಂ, ಆ ಹಳದಿ ಕವರು ಕೊಡು. ಕೊಡೇ... ನಾನೇ ತಗೋತೀನಿ ಬಿಡು. ಇದು ನಿಜವಾಗ್ಲೂ ಕೊನೇದು. ಹರಕೆಗೆ ಒಂದು ಹಿಡಿ ಜಾಸ್ತಿ ಹಾಕಿದ್ರೆ ತಪ್ಪೇನು? ಅಳತೆ ತುಂಬಿ ಚೆಲ್ಲಬೇಕು ಅಂತಿದ್ರು ನಮ್ಮಮ್ಮ. ಜನ ಇಲ್ಲದಿದ್ರೇನು, ಕಸ ಗುಡಿಸೋರು ಇದ್ದಾರಲ್ಲ. ನೋಡು, ಪೊರಕೆಗೆ ಗದ್ದ ಊರಿ ಕೇಳ್ತಿದ್ದಾರೆ. ಏನಂತಿದ್ದಾರೆ? "ಮನೆಗೆ ಹೋಗಿ ಸ್ವಾಮಿ" ಅಂತಾ? ತಮಾಷೆಗೆ ಅಂತಾರೆ ಬಿಡು. ಇನ್ನೊಂದಿದೆ, ಪುಟ್ಟದು, ಎರಡೇ ನಿಮಿಷದ್ದು... ಅದಾದ ಮೇಲೆ ಬೇಕಾದ್ರೆ ಆ ಒಂಬತ್ತು ನಿಮಿಷದ್ದು...

ಏಯ್! ಏನು ಮಾಡ್ತಿದೀಯ? ಆ ಗುಂಡಿ ಮುಟ್ಟಬೇಡ! ಕೈ ತೆಗಿ, ತಿರುಗಿಸಬೇಡ... ಬೇಡ ಕಣೇ... ಇನ್ನೊಂದೇ ಒಂದು...

ನಿಲ್ಲಿಸೇಬಿಟ್ಟೆ.

ಎಷ್ಟು ದೊಡ್ಡದು ಅಲ್ವಾ ಈ ಜಾಗ, ಸದ್ದಿಲ್ಲದೆ.

ಸರಿ. ಆಯ್ತು. ಈಗ ಮಾತಾಡು. ಗಡುವು ಮುಗೀತಲ್ಲ, ಮಾತಾಡಬಹುದು. ಮೆಲ್ಲಗೆ. ಒಂದಕ್ಷರ... ನೀರು ಬೇಕಾ? ಯಾಕೆ ಸುಮ್ನಿದ್ದೀಯ? ನೋವಿದೆಯಾ? ಇಲ್ವಾ? ಮತ್ತೆ? ಬಾಯಾದ್ರೂ ತೆಗಿ. ನೀನು ಪ್ರಯತ್ನಾನೇ ಮಾಡ್ತಿಲ್ಲ... ತಮಾಷೆ ಮಾಡ್ತಿದೀಯಾ? ಇಡೀ ದಿನ ಗೇಲಿ ಮಾಡಿದ್ದಕ್ಕೆ ಸೇಡಾ?

ಹಾಗೆ ನೋಡಬೇಡ.

ಸ್ಲೇಟು ಯಾಕೆ ಮಗುಚಿಟ್ಟೆ? ಏನಾದ್ರೂ ಬರಿ. ಬೈಯಾದ್ರೂ ಬೈ, ಪೂರ್ಣವಿರಾಮ ಹಾಕಿ ಬೈ... ದೇವರಾಣೆ, ಹಾಗೆ ನೋಡಬೇಡ ಕಣೇ. ತಪ್ಪು ಮಾಡಿದ ಮಕ್ಕಳನ್ನ ಹೀಗೇ ನೋಡ್ತೀಯಾ ಕ್ಲಾಸಲ್ಲಿ? ಪಾಪ ಅವು. ಹೇಗೆ ತಡ್ಕೋತಾವೋ.

ಹೇಳಿದ್ರು. ಹೂಂ. ನೀನು ಔಷಧಿ ಅಂಗಡಿ ಸಾಲಲ್ಲಿ ನಿಂತಿದ್ದಾಗ ಡಾಕ್ಟರು ನನ್ನನ್ನ ಒಳಗೆ ಕರೆದು ಹೇಳಿದ್ರು. ಗಂಟಲಲ್ಲಿದ್ದ ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತಂತೆ. ಬಿಡಿಸಿದಾರೆ. ಆದ್ರೆ ದನಿ... ಬರಬಹುದು, ಬರದೇನೂ ಇರಬಹುದು, ಅರ್ಧಕ್ಕರ್ಧ ಅಂದ್ರು. ಮೂರು ವಾರ ಆದ ಮೇಲೇ ಗೊತ್ತಾಗೋದು ಅಂದ್ರು. ಅವರು ನಿನಗೂ ಹೇಳ್ತೀನಿ ಅಂದ್ರು, ನಾನೇ ಕೈಮುಗಿದು ಬೇಡ ಅಂದೆ. ಹೆದರಿದ್ರೆ ನಿನ್ನ ಗಂಟಲು ಬಿಗಿಯುತ್ತೆ ಅಂತ... ಸುಳ್ಳು. ನಿನಗೇನೂ ಹೆದರಿಕೆ ಆಗ್ತಿರಲಿಲ್ಲ. ನನಗೆ. ನನ್ನ ಕೈಲಿ ಆ ಮಾತು ನಿನ್ನ ಮುಂದೆ ಹೇಳೋಕೆ ಆಗ್ಲಿಲ್ಲ.

ಅವನ ಮೇಲೆ ನಂಬಿಕೆ ಇಲ್ವಾ ಅಂತ ಕೇಳ್ತಿದೆ ನಿನ್ನ ಕಣ್ಣು. ಇದೆ ಕಣೇ. ಕೊಟ್ರೂ ಅವನೇ, ಇಟ್ಕೊಂಡ್ರೂ ಅವನೇ, ಎರಡಕ್ಕೂ ಕೈಮುಗೀತೀನಿ. ನಂಬಿಕೆ ಇಲ್ಲದೇ ಇದ್ದದ್ದು ನನ್ನ ಮೇಲೆ. ಹಾಡು ಇರೋವರೆಗೂ ನಿನ್ನ ದನಿ ಒಳಗೆಲ್ಲೋ ಇದೆ ಅಂದ್ಕೋಬಹುದಿತ್ತು. ಅದು ನಿಂತ ಮೇಲೆ ಕೇಳಿಸಿಕೊಳ್ಳಲೇಬೇಕಲ್ಲ.

ಕೋಪ ಬಂತಾ? ಬಂದಿದ್ರೆ ತಲೆ ಆಡಿಸು... ಮತ್ತೆ ಅಳು ಯಾಕೆ? ನೀನು ಅತ್ರೆ ನಾನು... ತಾಳು, ಕನ್ನಡಕ... ಆ ಸ್ಟೂಲು ಇಲ್ಲಿ ಎಳಿ. ಕೂರ್ತೀನಿ. ನೋಡು ಕೂತೆ. ಈಗ ಕೇಳು. ಬಂದ್ರೆ ಬರಲಿ, ಬರದಿದ್ರೆ ನಾನು ಮನೆ ಗೋಡೆಗೆಲ್ಲ ಕಪ್ಪು ಬಣ್ಣ ಬಳಿಸ್ತೀನಿ, ನೀನು ಎಲ್ಲಿ ಬೇಕಾದ್ರೂ ಬರೆದು ಬೈಯಿ, ನಾನು ದಿನಾ ಒರೆಸ್ತೀನಿ, ಅಡುಗೆಮನೇಲಿ ಒಂದು, ಬಚ್ಚಲಲ್ಲಿ ಒಂದು... ಏನಿದು, ನನ್ನ ಬಾಯಿಗೆ ಯಾಕೆ ಕೈ ಅಡ್ಡ... ಇನ್ನೊಂದೇ ಮಾತು... ಹೂಂ.

ಹೂಂ. ಸುಮ್ನಿರ್ತೀನಿ. ನೀನು ಶುರು ಮಾಡು.