ಅಕ್ಟೋಬರಿನ ನೀರು

ಫೋತಿನಿಗೆ ಆ ವರ್ಷ ಬೇಸಿಗೆಯೇ ಸಿಕ್ಕಿರಲಿಲ್ಲ. ಜೂನ್ ಮೊದಲ ವಾರ ಮಂಡಿಯ ಆಪರೇಷನ್ ಆಗಿತ್ತು. ಗ್ರೀಸಿನ ಕಲಮಾತಾದಲ್ಲಿ ಊರಿಗೆ ಊರೇ ಸಮುದ್ರದಲ್ಲಿ ಈಜುತ್ತಿದ್ದಾಗ ಆಕೆ ಮಂಚದ ಮೇಲಿದ್ದಳು. ಈಗ ಅಕ್ಟೋಬರ್ ಕೊನೆ. ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲಿದ್ದ ಅಪರಿಚಿತ ಪ್ರಯಾಣಿಕ ಥನಾಸಿಸ್‌ಗೆ ಇದೆಲ್ಲ ಗೊತ್ತಾದದ್ದು ಆಕೆಯೂ ನಾದಿನಿ ಅರೆತಿಯೂ ಆಡುತ್ತಿದ್ದ ಮಾತಿನಿಂದ.

"ಮುಂದಿನ ಸ್ಟಾಪು ಬೀಚು. ನಾನು ಇಳೀತೀನಿ."

"ತಲೆ ಕೆಟ್ಟಿದೆಯಾ ಅತ್ತಿಗೆ? ಸಂತ ದಿಮಿತ್ರಿ ಹಬ್ಬ ಬಂತು. ಮನೇಲಿ ಜಮಖಾನೆ ಹಾಸಬೇಕು. ಇನ್ನು ಚಳಿಗಾಲ."

"ಜಮಖಾನೆ ಎಲ್ಲೂ ಓಡಿಹೋಗಲ್ಲ. ಡಾಕ್ಟರು ಮೊನ್ನೆ ಈಜಬಹುದು ಅಂದ್ರಲ್ಲ."

"ಮೇ ತಿಂಗಳಲ್ಲಿ ಈಜಿ, ಯಾರು ಬೇಡ ಅಂದ್ರು?"

"ಮೇನಲ್ಲಿ ಬಿಸಿಲು ಸುಡುತ್ತೆ, ನೀರು ಮಾತ್ರ ಕಚ್ಚುತ್ತೆ. ಚಳಿಗಾಲದ ಥಂಡಿ ಇನ್ನೂ ಅದರೊಳಗೇ ಇರುತ್ತೆ. ಈಗ ನೋಡು, ಗಾಳಿ ತಣ್ಣಗಾಗಿದೆ, ಆದ್ರೆ ಆಗಸ್ಟಿನ ಬಿಸಿ ನೀರಲ್ಲಿ ಹಾಗೇ ಇದೆ."

"ಜನ ನೋಡಿದ್ರೆ ನಗ್ತಾರೆ."

"ಆಗಸ್ಟಿನಲ್ಲಿ ನೀನು ದಿನಾ ಒದ್ದೆ ಕೂದಲಲ್ಲಿ ಬಂದು ನನ್ನ ಮಂಚದ ಪಕ್ಕ ಕೂರ್ತಿದ್ಯಲ್ಲ, ಆಗ ನನಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

ಅರೆತಿ ಕಿಟಕಿಯಾಚೆ ನೋಡಿದಳು.

"ಈಜುಡುಗೆ ತಂದಿದ್ದೀರಾ?"

"ಒಳಗೇ ಹಾಕ್ಕೊಂಡಿದೀನಿ."

"ಅಯ್ಯೋ, ಎಂಥ ಕಳ್ಳಿ ನೀವು! ಚರ್ಚಿಗೆ ಅಂತ ಹೇಳಿ ಹೊರಡಿಸಿದ್ರಲ್ಲ!"

"ಚರ್ಚು ಸಂಜೇನೂ ತೆಗೆದಿರುತ್ತೆ."

"ಸರಿ, ಏಳಿ. ನನ್ನ ಭುಜ ಹಿಡ್ಕೊಳ್ಳಿ. ಆದ್ರೆ ಮಂಡಿ ನೋವು ಅಂತ ರಾತ್ರಿ ನನ್ನ ಹತ್ರ ಅಳಬಾರದು."

"ನೀನೂ ಬಾರೇ ನೀರಿಗೆ."

"ನಾನಾ? ಕಾಲು ಮಾತ್ರ ನೆನೆಸ್ತೀನಿ."

ಇಬ್ಬರೂ ಇಳಿದರು. ಬಸ್ಸು ಹೊರಟಿತು. ಫೋತಿನಿ ಸಮುದ್ರವಿಲ್ಲದೆ ಕಳೆದದ್ದು ಸುಮಾರು ಐದು ತಿಂಗಳು.